ಮಾಳಿಗೆ ಓಟಕ್ಕೆ ನಾನು ಕೊಟ್ಟ ಮಾರ್ಕ್ಸ್

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದೆ. ಪತ್ರಾದ ಮೇಲೆ ಯಾರೋ ಧಡಧಡ ಓಡಿದ ಸಪ್ಪಳವಾಯಿತು. ಪತ್ರಾ ಎಂದರೆ ತಗಡಿನ ಹಾಳೆ. ಬೀದರಿನವರು ಬೇರೆ ಹೆಸರಿನಿಂದ ಅದನ್ನು ಕರೆದದ್ದು ನಾನು ಕೇಳಿಲ್ಲ. ಈಗ ನಾವಿರುವುದು ಊರ ಹೊರಗಿನ ನೌಬಾದದ ಸ್ಲ್ಯಾಬಿನ ಮನೆ, ಸುತ್ತ ಎಲ್ಲೂ ಒಂದು ಪತ್ರಾ ಇಲ್ಲ. ಆದರೂ ನಾನು ಎದ್ದು ಕೂತು, "ಪತ್ರಾದ ಮ್ಯಾಲ ಕಾಲಿಡಬ್ಯಾಡ" ಎಂದು ಕೂಗಿಬಿಟ್ಟಿದ್ದೆ.

ಸಪ್ಪಳ ಬಂದದ್ದು ಮೊಮ್ಮಗಳು ಶ್ವೇತಾಳ ಕೋಣೆಯಿಂದ. ಅವಳ ಟಿವಿಯಲ್ಲಿ ಒಬ್ಬ ಹುಡುಗಿ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಿದ್ದಳು. ಕೆಳಗೆ ಬೀದಿ ತುಂಬ ಜೊಂಬಿಗಳು, ಅಂದರೆ ಸತ್ತ ಮೇಲೂ ಮನೆಗೆ ಹೋಗದೆ ಅಲೆಯುವ ಮಂದಿ. ಶ್ವೇತಾಳ ಕೆಲಸವೇ ಇದು: ಗೇಮುಗಳು ಮಾರುಕಟ್ಟೆಗೆ ಬರುವ ಮೊದಲು ಮನೆಯಲ್ಲಿ ಕೂತು ಆಡಿ ನೋಡಿ, ಕಂಪನಿಗೆ ಫಾರ್ಮ್ ತುಂಬಿ ಕಳಿಸುವುದು. ಈ ಸಲ ಕಂಪನಿಯವರಿಗೆ ಜೀವಮಾನದಲ್ಲಿ ಗೇಮ್ ಮುಟ್ಟದವರ ಅಭಿಪ್ರಾಯವೂ ಬೇಕಿತ್ತಂತೆ. "ಆಯಿ, ನೀ ಸಾಲ್ಯಾಗ ಎಷ್ಟ್ ಮಂದಿನ ಫೇಲ್ ಮಾಡೀದಿ. ಇದಕ್ಕೂ ಒಂದಿಷ್ಟು ಮಾರ್ಕ್ಸ್ ಹಾಕು" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವುದು ರೂಢಿ. ಆಯಿಯಾದ ನಾನು ಕಾನ್ವೆಂಟಿನಲ್ಲಿ ಕಲಿತು, ಮುಂದೆ ಇಂಗ್ಲಿಷ್ ಟೀಚರಾಗಿ ರಿಟೈರಾದವಳು. ಪೇಪರ್ ಕರೆಕ್ಷನ್ ಎಂದರೆ ಈಗಲೂ ಕೈ ಕೆಂಪು ಪೆನ್ನು ಹುಡುಕುತ್ತದೆ.

ಮೂರು ಮಧ್ಯಾಹ್ನ ಆಡಿದೆ. ಆಡಿದೆ ಎನ್ನುವುದು ದೊಡ್ಡ ಮಾತು; ಮೊದಲ ದಿನವಿಡೀ ನನ್ನ ಹುಡುಗಿ ಗೋಡೆಗೆ ಮುಖ ಕೊಟ್ಟು ನಿಂತಿದ್ದಳು, ಹೋಂವರ್ಕ್ ಮಾಡದೆ ಪನಿಶ್‌ಮೆಂಟ್ ತಗೊಂಡವರ ಹಾಗೆ. ಎರಡನೆಯ ದಿನ ಓಡಿದಳು. ನಿಜ ಹೇಳುತ್ತೇನೆ, ಓಟ ಬಹಳ ಚೆಂದ. ಎತ್ತರದಿಂದ ಇಳಿಯುವಾಗ ಮೊಣಕಾಲು ಮಡಿಚಿ ಇಳಿಯುತ್ತಾಳೆ. ಸುಸ್ತಾದರೆ ಏದುಸಿರು ಬಿಡುತ್ತಾಳೆ. ಮೂವ್‌ಮೆಂಟ್ ಎಂಬ ಕಾಲಮಿನಲ್ಲಿ ಹತ್ತಕ್ಕೆ ಒಂಬತ್ತು ಹಾಕಿದೆ. ಹತ್ತು ಹಾಕುವ ಅಭ್ಯಾಸ ನನಗಿಲ್ಲ. ಜೊಂಬಿಗಳಿಗೆ ನಾಲ್ಕು. ಔರಾದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಮುಂದೆ ಅವು ಬಹಳ ಸಭ್ಯ. ಮಾಳಿಗೆಗಳಿಗೆ ಮೂರೇ. ಅಷ್ಟು ಮಾಳಿಗೆಗಳ ಮೇಲೆ ಓಡಿದರೂ ಕೆಳಗಿನಿಂದ ಒಬ್ಬರೂ ಬೈಯುವುದಿಲ್ಲವಲ್ಲ.

ನಮಗೆ ಬೈಯುತ್ತಿದ್ದರು. ಬೀದರಿನ ಹಳೆ ಊರಿನಲ್ಲಿ ನಮ್ಮ ಓಣಿಯ ಮನೆಗಳು ಒಂದಕ್ಕೊಂದು ಆತುಕೊಂಡಿದ್ದವು. ಮೇಲೆ ಮಣ್ಣಿನ ಮಾಳಿಗೆ. ಓಣಿಯಲ್ಲಿ ಗಂಡಸರ ಓಡಾಟ, ಆದ್ದರಿಂದ ಹೆಂಗಸರ ವ್ಯವಹಾರವೆಲ್ಲ ಮಾಳಿಗೆಯ ಮೇಲೆ. ಪಲ್ಯದ ಬಟ್ಟಲು ಹೋಗುವುದು, ಸುದ್ದಿ ಬರುವುದು, ಎಲ್ಲ ಅದೇ ದಾರಿ. ನಾವು ಹುಡುಗಿಯರಿಗೆ ಒಂದೇ ರೂಲ್ ಇತ್ತು, ಕೆಳಗೆ ಗೋಡೆ ಇರುವ ಗೆರೆಯ ಮೇಲೆ ಮಾತ್ರ ಓಡಬೇಕು. ನಡುವೆ ಓಡಿದರೆ ಕೆಳಗೆ ರೊಟ್ಟಿ ಬಡಿಯುವವರ ಹಿಟ್ಟಿನಲ್ಲಿ ಮಣ್ಣು ಉದುರುತ್ತಿತ್ತು. ಒಂದು ಹಿಡಿ ಮಣ್ಣಿಗೆ ಮೂರು ತಲೆಮಾರಿನ ಹೆಸರು ಹೇಳಿ ಬೈಯುವ ಹೆಂಗಸರಿದ್ದರು ನಮ್ಮ ಓಣಿಯಲ್ಲಿ. ಅವರ ಇಂಟೋನೇಶನ್ ನಮ್ಮ ಕಾನ್ವೆಂಟಿನ ಸಿಸ್ಟರುಗಳಿಗೂ ಇರಲಿಲ್ಲ.

ಆ ಗೆರೆಯ ಮೇಲೆ ಎಲ್ಲರಿಗಿಂತ ಜೋರು ಓಡುತ್ತಿದ್ದವಳು ಪಕ್ಕದ ಮನೆಯ ಮಹಾನಂದಾ. ಮೊಣಕಾಲು ಮಡಿಚಿ ಇಳಿಯುವುದನ್ನು ನನಗೆ ಕಲಿಸಿದವಳೂ ಅವಳೇ. ಒಂದೇ ಕ್ಲಾಸು, ಒಂದೇ ಬೆಂಚು. ಪ್ರತಿವರ್ಷ ಅವಳು ಫಸ್ಟ್, ನಾನು ಸೆಕೆಂಡ್. ನನಗೆ ಅದರಿಂದ ಬೇಜಾರಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಮಾಳಿಗೆಯ ನಡುವೆ ಬೆಳಕಿಗೆಂದು ಒಂದು ಗವಾಕ್ಷಿ, ದೊಡ್ಡವರೂ ತೂರುವಷ್ಟು ದೊಡ್ಡ ಕಿಂಡಿ. ಮಳೆ ಬಂದರೆ ಅದರ ಮೇಲೆ ಪತ್ರಾ ಮುಚ್ಚುವುದು, ಬಿಸಿಲು ಬಿದ್ದ ಕೂಡಲೇ ತೆಗೆಯುವುದು. ಆ ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಅವ್ವ ನನ್ನ ಕೈಗೆ ಹಳೆ ಸೀರೆ ಪದರ ಹಾಕಿ ಹೊಲಿದ ಹಸಿ ಕೌದಿ ಕೊಟ್ಟು, ಮೊದಲು ಪತ್ರಾ ತೆಗೆದಿಡು, ಆಮೇಲೆ ಒಂದು ಕಡೆ ಕೌದಿ ಹಾಸು ಎಂದಳು. ನಾನು ಒಂದು ಇಂಗ್ಲಿಷ್ ಸ್ಟೋರಿ ಬುಕ್ಕನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೆ. ಪತ್ರಾ ತೆಗೆಯಲಿಲ್ಲ. ಕೌದಿಯನ್ನು ಅದರ ಮೇಲೇ ಹಾಸಿ ಇಳಿದುಬಿಟ್ಟೆ. ಪುಸ್ತಕದಲ್ಲಿ ಇನ್ನೂ ಎರಡು ಪುಟ ಆಗಿರಲಿಲ್ಲ, ಮೇಲೆ ಧಡ್ ಎಂದಿತು. ಕೌದಿ, ಪತ್ರಾ, ಮಹಾನಂದಾ ಮೂರೂ ನಮ್ಮ ಅಡಿಗೆಮನೆಯೊಳಗೆ ಬಂದು ಬಿದ್ದವು.

ಆವತ್ತು ಅವಳೂ ಗೆರೆ ಬಿಟ್ಟಿದ್ದಳು. ಕೌದಿ ಹಾಸಿದ ಮೇಲೆ ಕೆಳಗೆ ಗಟ್ಟಿ ನೆಲವಿದೆ ಎಂದು ಯಾರಾದರೂ ತಿಳಿಯುತ್ತಾರೆ. ಎಡಗಾಲು ಮುರಿದು, ಕೂಡಿದಾಗ ಎರಡು ಬೆರಳಷ್ಟು ಗಿಡ್ಡವಾಗಿತ್ತು. ಓಣಿಯೆಲ್ಲ ಅವಳನ್ನೇ ಬೈಯಿತು, ಹುಡುಗಿ ಹಂಗ ಓಡಿದರ ಇನ್ನೇನಾಗ್ತದ ಎಂದು. ಅವಳ ಅಪ್ಪ ಸಾಲಿ ಬಿಡಿಸಿ ಔರಾದಿನ ಆಯಿಯ ಮನೆಗೆ ಕಳಿಸಿದರು. ಪತ್ರಾ ತೆಗೆಯುವ ಕೆಲಸ ಯಾರದ್ದಿತ್ತು ಎಂದು ಒಬ್ಬರೂ ಕೇಳಲಿಲ್ಲ. ಅವ್ವ ಮಾತ್ರ ಒಮ್ಮೆ ಪತ್ರಾವನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ಅದನ್ನು ಎತ್ತಿ ಬಾಗಿಲ ಹಿಂದೆ ನಿಲ್ಲಿಸಿದಳು. ಆ ವರ್ಷ ಕ್ಲಾಸಿಗೆ ಫಸ್ಟ್ ಬಂದವಳು ನಾನು.

ಮಹಾನಂದಾಳ ಬಾಳು ಹಾಳಾಯಿತು ಎಂದೇನೂ ನೀವು ತಿಳಿಯಬೇಡಿ. ಅವಳಿಗೆ ಭಾಲ್ಕಿಯಲ್ಲಿ ಮದುವೆಯಾಯಿತು. ಗಂಡನ ಬಟ್ಟೆ ಅಂಗಡಿಯನ್ನು ಇವತ್ತಿಗೂ ಅವಳೇ ನಡೆಸುತ್ತಾಳೆ. ಲಗ್ನಗಳಲ್ಲಿ ಸಿಗುತ್ತೇವೆ, ಶುಗರ್ ಎಷ್ಟು, ಬಿಪಿ ಎಷ್ಟು ಎಂದು ಮಾತಾಡುತ್ತೇವೆ. ಕಾಲಿನ ಮಾತು ಬಂದರೆ ನಾನು ಊಟದ ಸಾಲು ನೋಡುವ ನೆಪದಲ್ಲಿ ಏಳುತ್ತೇನೆ.

ಇಷ್ಟನ್ನೆಲ್ಲ ಮತ್ತೆ ನೆನಪಿಸಿದ್ದು ಫಾರ್ಮಿನ ಒಂದು ಪ್ರಶ್ನೆ: ಆಟದಲ್ಲಿ ನಿಮಗೆ ಎಲ್ಲಿ ಭಯವಾಯಿತು, ಯಾಕೆ? ಕಾರಣ ಬರೆಯದ ಉತ್ತರಕ್ಕೆ ನಾನೇ ಎಂದೂ ಮಾರ್ಕ್ಸ್ ಕೊಟ್ಟವಳಲ್ಲ. ಪೆನ್ನು ಕೆಳಗಿಟ್ಟು ಭಾಲ್ಕಿಗೆ ಫೋನ್ ಮಾಡಿದೆ. ಆವತ್ತು ಪತ್ರಾ ತೆಗೆಯದೆ ಕೌದಿ ಹಾಸಿದವಳು ನಾನೇ ಎಂದು ಪೀಠಿಕೆ ಇಲ್ಲದೆ ಹೇಳಿದೆ.

ಅವಳು ಅಂಗಡಿಯಲ್ಲಿದ್ದಳು. ಗಿರಾಕಿಗೆ ತಡಿರಿ ಎಂದು ಹೇಳಿದ್ದು ಕೇಳಿಸಿತು.

"ಗೊತ್ತದ" ಎಂದಳು. "ಕೌದಿ ಕೆಳಗ ಪತ್ರಾ ಸಪ್ಪಳ ಆದದ್ದು ಮೊದಲ ಕೇಳಿದಾಕಿ ನಾನೇ ಅಲ್ಲೇನು? ನಿಮ್ಮವ್ವ ಹಂಗ ಹಾಸಾಕಿ ಅಲ್ಲ."

"ಮತ್ತ ಯಾಕ ಹೇಳ್ಲಿಲ್ಲ?"

"ನಾ ಯಾಕ ಹೇಳ್ಲಿ? ನೀ ಹೇಳ್ತಿ ಅಂತ ಔರಾದ ಬಸ್ ಹತ್ತೋತನಕ ನೋಡಿದೆ."

ಅವಳೇ ಕೇಳಿದಳು, ಇಷ್ಟು ವರ್ಷ ಬಿಟ್ಟು ಇವತ್ತೇ ಯಾಕೆ ನೆನಪಾಯಿತೆಂದು. ಗೇಮಿನ ಸಂಗತಿ ಹೇಳಿದೆ.

"ಅದರಾಗ ಬಿದ್ರ ಏನಾಗ್ತದ?"

"ಹಿಂದಿನ ಮಾಳಗಿ ಮ್ಯಾಲ ಮತ್ತ ನಿಂತಿರ್ತಿ."

"ಕಾಲು?"

"ನೆಟ್ಟಗ ಇರ್ತದ."

"ಐತವಾರ ಬರ್ತೇನಿ" ಎಂದು ಫೋನ್ ಇಟ್ಟುಬಿಟ್ಟಳು.

ಭಾನುವಾರ ಬಂದಳು. ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿ ಟಿವಿಯ ಮುಂದೆ ಕೂತಳು. ಶ್ವೇತಾ ಬಟನ್‌ಗಳನ್ನು ತೋರಿಸಿದಳು. ಎಷ್ಟು ಸಲ ಬಿದ್ದಳೋ ಲೆಕ್ಕವಿಲ್ಲ. ಒಮ್ಮೆಯೂ ಅಯ್ಯೋ ಎನ್ನಲಿಲ್ಲ. ಗೇಮಿನ ಹುಡುಗಿ ಎದ್ದು ನಿಂತಾಗಲೆಲ್ಲ ಅವಳ ಕಾಲುಗಳನ್ನು ನೋಡುತ್ತಿದ್ದಳು. ಒಂದು ತಾಸಿನಲ್ಲಿ ಗೋಡೆಯ ಗೆರೆ ಹಿಡಿದು ಓಡತೊಡಗಿದಳು. ಈ ಆಯಿ ನನಗಿಂತ ಛಲೋ ಓಡ್ತಾರ ಎಂದು ಶ್ವೇತಾ ನಕ್ಕಳು. ಆಮೇಲೆ ಒಂದು ಮಾಳಿಗೆಯಲ್ಲಿ ಅಡ್ಡಲಾಗಿ ಪತ್ರಾ ಬಂತು. ಮಹಾನಂದಾ ನಿಂತಳು.

"ಇದು ತಗದಿಡ್ಲಾಕ ಯಾವ ಬಟನ್ ಅದ ಅವ್ವಾ?"

"ತಗಿಯೋದಿಲ್ರಿ ಆಯಿ, ಅದಕ್ಕ ಬಟನ್ ಇಲ್ಲ. ಹಾರಿ ಹೋಗ್ಬೇಕು."

ಹಿಂದಿನಿಂದ ಜೊಂಬಿಗಳು ಹತ್ತಿ ಬರುತ್ತಿದ್ದವು. ಮಹಾನಂದಾ ಹಾರಲಿಲ್ಲ. ಕೈಯಲ್ಲಿದ್ದುದನ್ನು ಪಕ್ಕಕ್ಕಿಟ್ಟು, ಚಹಾ ಮಾಡ್ತಿ ಇಲ್ಲೊ ಎಂದು ನನ್ನನ್ನು ಕೇಳಿದಳು.

ಚಹಾ ಆರುವಷ್ಟರಲ್ಲಿ ನಾನು ಫಾರ್ಮ್ ಮುಗಿಸಿದೆ. ಭಯದ ಪ್ರಶ್ನೆಗೆ ಕಾರಣ ಬರೆದೆ, ಕೌದಿಯ ಸಮೇತ, ನನಗೆ ಬರುವ ಒಳ್ಳೆಯ ಇಂಗ್ಲಿಷಿನಲ್ಲಿ. ಸಜೆಶನ್ ಎಂಬ ಜಾಗದಲ್ಲಿ, ಪತ್ರಾವನ್ನು ಎತ್ತಿ ಪಕ್ಕಕ್ಕಿಡಲು ಒಂದು ಬಟನ್ ಬೇಕು ಎಂದು ಬರೆದೆ. ಮಹಾನಂದಾ ಫಾರ್ಮ್ ಕೈಗೆ ತೆಗೆದುಕೊಂಡು, ಒಂದೊಂದೇ ಶಬ್ದದ ಕೆಳಗೆ ಬೆರಳಿಟ್ಟು ಓದಿದಳು. ಆಗ ನಮ್ಮ ಕ್ಲಾಸಿನಲ್ಲಿ ಅವಳಷ್ಟು ಸರಾಗ ಇಂಗ್ಲಿಷ್ ಓದುವವರು ಇರಲಿಲ್ಲ.

ಓದಿ ಮುಗಿಸಿ, ಕೆಳಗಿದ್ದ ಖಾಲಿ ಗೆರೆ ತೋರಿಸಿದಳು. "ಹೆಸರು ಬರಿ."

ಹೆಸರು ಕಡ್ಡಾಯವಲ್ಲ ಎಂದು ಅಲ್ಲಿಯೇ ಅಚ್ಚಾಗಿತ್ತು. ಬರೆದೆ.