ಫೈಜಾನನ ಕಾಲು, ಮಿಸ್ತ್ರಿಯ ಪೆಡಲ್

ಮಜೀದ ಮಿಸ್ತ್ರಿ ಗೋಕುಲ ರಸ್ತೆಯ ಒಳಗಿನ ಓಣಿಯೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಇಟ್ಟು ನಲವತ್ತು ವರ್ಷವಾಯಿತು. ಟ್ರ್ಯಾಕ್ಟರಿನ ಶಾಫ್ಟ್, ಹಿಟ್ಟಿನ ಗಿರಣಿಯ ಪುಲ್ಲಿ, ಪಂಪಿನ ಬುಶ್, ಏನೇ ಇರಲಿ, ಅಲ್ಲಿಂದ ಸರಿಯಾಗಿ ಹೋದದ್ದು ತಿರುಗಿ ಬರುವುದಿಲ್ಲ ಎಂದು ಅವರಿಗೆ ಹೆಸರು. ಈ ಮಿಸ್ತ್ರಿಯ ಒಬ್ಬನೇ ಮಗ ಫೈಜಾನ. ವಯಸ್ಸು ಮೂವತ್ತೆಂಟು. ಹಗಲೆಲ್ಲ ತಂದೆಯ ಪಕ್ಕದ ಲೇಥಿನ ಮುಂದೆ ನಿಲ್ಲುತ್ತಾನೆ. ಸೂಟಿಯ ದಿನ ‘ಕರಿಎರಿ’ ಎಂಬ ತಂಡದಲ್ಲಿ ಡ್ರಮ್ ಬಾರಿಸುತ್ತಾನೆ.

ಡ್ರಮ್ ಅಂದರೆ ಮದುವೆ ಬ್ಯಾಂಡಿನದಲ್ಲ, ಡೆತ್ ಮೆಟಲ್ ಎಂಬ ಸಂಗೀತದ್ದು. ಹಾಡುವವನು ಗಂಟಲಿನ ತಳದಿಂದ ಗುಡುಗುತ್ತಾನೆ, ಗಿಟಾರು ಗರಗಸದ ಹಾಗೆ ಕೊಯ್ಯುತ್ತದೆ, ಡ್ರಮ್ಮಿನವನು ಕೈ ಆಡಿಸುತ್ತಲೇ ಎರಡೂ ಕಾಲಿನಿಂದ ನೆಲದ ಮೇಲಿನ ದೊಡ್ಡ ಬಾಸ್ ಡ್ರಮ್ಮನ್ನು ಬಡಿಯುತ್ತಿರಬೇಕು. ವೇಗ ಏರಿದಾಗ ಸೆಕೆಂಡಿಗೆ ಹದಿನಾಲ್ಕು ಪೆಟ್ಟು. ಎಣಿಸಲು ಹೋಗಬೇಡಿ, ಆಗುವುದಿಲ್ಲ.

ಈ ಹುಚ್ಚು ಹಚ್ಚಿದವನು ಧಾರವಾಡದ ಮಿಲಿಂದ. ಅವನ ತಾಯಿ ಮಂದಾಕಿನಿಬಾಯಿ ಮನೆಯಲ್ಲಿ ಹಾಡುಗಾರಿಕೆ ಕಲಿಸುವವರು; ತಾನಪುರಾ ಮೀಟುವ ಮನೆಗೆ ಕರೆಂಟಿನ ಗಿಟಾರು ತಂದವನು ಅವನು. ಕಾಲೇಜಿನ ಮೊದಲ ವರ್ಷ ಫೈಜಾನನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಂದು ಹಾಡು ಕೇಳಿಸಿದ. ಫೈಜಾನ ಅರ್ಧ ಹಾಡು ಕೇಳಿ, “ಇದು ನಮ್ಮ ಅಂಗಡಿ ಸಪ್ಪಳ ಅಲ್ಲೇನೋ?” ಅಂದ. ಅಂದವನು ಉಳಿದರ್ಧವನ್ನೂ ಕೇಳಿದ. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ, ಅಥವಾ ಶುರುವಾಯಿತು ಅನ್ನಿ.

ಮೊದಲು ಬಡಿದದ್ದು ಖಾಲಿ ಆಯಿಲ್ ಡಬ್ಬಿಗಳನ್ನು. ಕೋಲುಗಳನ್ನು ಜಾಲಿ ಕಟ್ಟಿಗೆಯಲ್ಲಿ ಮಿಸ್ತ್ರಿಯೇ ಲೇಥಿಗೆ ಹಾಕಿ ಕಡೆದುಕೊಟ್ಟರು. ಅವು ಎಷ್ಟು ಗಟ್ಟಿ ಎಂದರೆ ಡಬ್ಬಿ ಹರಿದವು, ಕೋಲು ಮುರಿಯಲಿಲ್ಲ. ಆಮೇಲೆ ರಸಮಂಜರಿ ಕಾರ್ಯಕ್ರಮ ನಿಲ್ಲಿಸಿಬಿಟ್ಟ ಹನುಮಂತಪ್ಪ ಎಂಬುವರ ಮನೆಯಿಂದ ನೀಲಿ ಮಿರುಗಿನ ಹಳೆಯ ಡ್ರಮ್ ಸೆಟ್ ಬಂತು. ಅದರ ಸಿಂಬಲ್ಲು, ಅಂದರೆ ದೊಡ್ಡ ತಾಳದ ತಟ್ಟೆ, ಅಂಚಿನಲ್ಲಿ ಸೀಳಿತ್ತು. ಮಿಸ್ತ್ರಿ ಸೀಳಿನ ತುದಿಗೆ ಸಣ್ಣ ತೂತು ಕೊರೆದರು. ಸೀಳು ಅಲ್ಲಿಗೇ ನಿಂತಿತು. ಒಡೆದ ಕಬ್ಬಿಣಕ್ಕೆ ಏನು ಮಾಡುತ್ತಾರೋ ಅದನ್ನೇ ಮಾಡಿದರು, ಅಷ್ಟೇ.

ಮಿಸ್ತ್ರಿಗೆ ಆ ಸಂಗೀತ ಒಂದು ದಿನವೂ ಹಿಡಿಸಲಿಲ್ಲ. “ರಾಶಿ ಮಷಿನ್ನಿನ್ಯಾಗ ಕಲ್ಲ ಬಿದ್ದಂಗ ಆಗತೈತಿ. ಮೊದಲ ಬಂದ್ ಮಾಡಿ, ಕಲ್ಲ ತಗೀರಿ,” ಅನ್ನುವರು. ಆದರೆ ಅದರ ಸಾಮಾನು ಎಂದರೆ ಜೀವ. ಎರಡು ಸಾವಿರದ ಎಂಟರಲ್ಲಿ ಕರಿಎರಿ ತಂಡ ಕಟ್ಟಿದಾಗ ಎರಡು ಕಾಲಿನ ಪೆಡಲ್ ಬೇಕಾಯಿತು. ಪೆಡಲ್ ಅಂದರೆ ಪಾದದ ಕೆಳಗಿನ ತಗಡು. ಅದನ್ನು ಒತ್ತಿದರೆ ಮುಂದಿನ ಸುತ್ತಿಗೆಯಂಥ ಗುಂಡು ಹೋಗಿ ಡ್ರಮ್ಮಿಗೆ ಬಡಿಯುತ್ತದೆ, ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಫೈಜಾನ ಚಿತ್ರ ತೋರಿಸಿದ. ಮಿಸ್ತ್ರಿ ಒಂದು ವಾರ ಕೂತು ಮಾಡಿದರು. ಆರು ಎಂಎಂ ಕಬ್ಬಿಣದ ತಗಡು, ಬೈಕಿನ ಟೈಮಿಂಗ್ ಚೈನು, ಬ್ರೇಕಿನ ಸ್ಪ್ರಿಂಗು. ಮಾಡಿ, ತಾವೇ ಕಾಲಿಟ್ಟು ನೋಡಿ, ಸಮಾಧಾನವಾದ ಮೇಲೆ ಕೊಟ್ಟರು.

“ಆನಿ ಬಂದು ನಿಂತರೂ ಏನೂ ಆಗಂಗಿಲ್ಲ,” ಅಂದರು.

ಆನೆ ಬರಲಿಲ್ಲ. ಫೈಜಾನನೇ ಹದಿನಾರು ವರ್ಷ ಅದರ ಮೇಲೆ ಕಾಲಿಟ್ಟ.

ಈ ಹದಿನಾರು ವರ್ಷದಲ್ಲಿ ಉಳಿದ ಸಾಮಾನು ಹಿಗ್ಗಿತು, ಕುಗ್ಗಿತು. ಒಂದು ಕಾಲಕ್ಕೆ ಏಳು ಡ್ರಮ್ಮು, ಒಂಬತ್ತು ಸಿಂಬಲ್ಲು. ಪ್ರತಿ ಸಲ ಬಿಚ್ಚಿ ಜೋಡಿಸುವುದು ಬೇಸರವೆಂದು ಅಪ್ಪ ಮಗ ಕೂಡಿ ಪೈಪಿನ ಚೌಕಟ್ಟು ಮಾಡಿ, ಎಲ್ಲವನ್ನೂ ಅಳತೆ ಹಿಡಿದು ವೆಲ್ಡಿಂಗ್ ಮಾಡಿದರು. ಎಲ್ಲದರ ಅಳತೆ ಹಿಡಿದವರು ಬಾಗಿಲಿನದನ್ನು ಮಾತ್ರ ಹಿಡಿದಿರಲಿಲ್ಲ. ತಾಲೀಮಿನ ಜಾಗ ಮುಗದ ಎಂಬ ಹಳ್ಳಿಯಲ್ಲಿ ಮಿಲಿಂದನ ಸೋದರಮಾವ ಯಜ್ಞೇಶ್ವರರ ಭತ್ತದ ಗೋದಾಮು. ಚೌಕಟ್ಟು ಅದರ ಬಾಗಿಲಲ್ಲಿ ಅಡ್ಡ ಸಿಕ್ಕಿತು.

“ಗೋಡಿ ಒಡೀಲೇನ್ರಿ?” ಎಂದು ಯಜ್ಞೇಶ್ವರ ನಕ್ಕರು.

“ನಿಮ್ಮ ಗೋಡಿ ಇರಲ್ರೀ ಸಾಹೇಬ್ರ, ನಮ್ಮ ಬುದ್ಧಿ ಕೊಯ್ತೇನಿ,” ಎಂದು ಮಿಸ್ತ್ರಿ ಅಲ್ಲೇ ಗರಗಸ ತೆಗೆದು ಪೈಪು ಎರಡು ತುಂಡು ಮಾಡಿದರು.

ನಲವತ್ತು ಹತ್ತಿರವಾಗುತ್ತ ಫೈಜಾನ ಒಂದೊಂದನ್ನೇ ಕಳಚಿದ. ಈಗ ನಾಲ್ಕು ಡ್ರಮ್ಮು, ಮೂರು ಸಿಂಬಲ್ಲು. ಹೊಸದಾಗಿ ಸೇರಿದ್ದು ಸೆನ್ಸರ್ ಮಾತ್ರ: ರೂಪಾಯಿ ನಾಣ್ಯದಷ್ಟು ದೊಡ್ಡ ಹಿತ್ತಾಳೆ ಬಿಲ್ಲೆ, ಬಾಸ್ ಡ್ರಮ್ಮಿಗೆ ಅಂಟಿಸಿದರೆ ಪ್ರತಿ ಪೆಟ್ಟನ್ನೂ ಕಂಪ್ಯೂಟರಿಗೆ ಹೇಳುತ್ತದೆ. ಪರದೆಯ ಮೇಲೆ ಪೆಟ್ಟಿಗೊಂದು ಗೆರೆ, ಎಡಗಾಲಿನದೊಂದು ಬಲಗಾಲಿನದೊಂದು ಸರದಿಯಂತೆ ಮೂಡುತ್ತದೆ. ಬಡಿದದ್ದನ್ನು ಹೇಳಿದ ಹಾಗೇ ಬಿಟ್ಟದ್ದನ್ನೂ ಹೇಳುತ್ತದೆ.

ಕಳೆದ ಜನವರಿಯಲ್ಲಿ ತಂಡ ತನ್ನ ಮೊದಲ ಪೂರ್ತಿ ಆಲ್ಬಮ್ಮಿನ ಧ್ವನಿಮುದ್ರಣಕ್ಕೆ ಕೂತಿತು. ಗೋದಾಮೇ ಸ್ಟುಡಿಯೋ. ಅದಕ್ಕೂ ಒಂದು ಲೆಕ್ಕವಿದೆ. ಮಳೆಗಾಲದಲ್ಲಿ ಖಾಲಿ ಗೋದಾಮಿನಲ್ಲಿ ಬಾರಿಸಿದರೆ ಸಪ್ಪಳ ಗೋಡೆಯಿಂದ ಗೋಡೆಗೆ ಹಾರಾಡುತ್ತದೆ. ಸುಗ್ಗಿ ಮುಗಿದು ಚೀಲಗಳು ಸೂರಿನವರೆಗೆ ಏರಿದ ಮೇಲೆ, ಭತ್ತ ಎಲ್ಲವನ್ನೂ ಕುಡಿದುಬಿಡುತ್ತದೆ. ಪೆಟ್ಟು ಒಣಗಿ, ಒಂದೊಂದೇ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಸಂಕ್ರಾಂತಿ ಮುಗಿದ ಮರುವಾರ ಚೀಲಗಳು ಮಿಲ್ಲಿಗೆ ಹೋಗುತ್ತವೆ. ಇದ್ದದ್ದು ಹನ್ನೆರಡು ದಿನ.

ಏಳು ಹಾಡು ಸರಾಗ ಆದವು. ಎಂಟನೆಯದು ಏಳು ನಿಮಿಷದ್ದು, ಕೊನೆಯ ಎರಡು ನಿಮಿಷ ಸೆಕೆಂಡಿಗೆ ಹದಿನಾಲ್ಕು ಪೆಟ್ಟು. ಫೈಜಾನ ಮೂರು ದಿನ ಬಾರಿಸಿದ. ಮೂರು ದಿನವೂ ಕೊನೆಯ ನಿಮಿಷದಲ್ಲಿ ಬಲಗಾಲು ಕುಸಿಯಿತು. ಮಿಲಿಂದ ಪರದೆ ತಿರುಗಿಸಿ ತೋರಿಸಿದ. ಎಡಗಾಲಿನ ಗೆರೆಗಳು ಬಾಚಣಿಗೆ ಹಲ್ಲಿನಂತಿದ್ದವು. ಬಲಗಾಲಿನವು ಮುದುಕನ ಬಾಯಂತೆ.

“ಕಾಲು ನೋಯಲಿಕತ್ತದೇನೋ?”

“ಇಲ್ಲಪಾ. ಥಂಡಿಗೆ ಸೆಟದೈತಿ.”

“ಮೂರು ದಿನದಿಂದ ಥಂಡಿ ನಿನಗೊಬ್ಬಂಗ ಅದ ಏನು? ನೋಡು, ಸಿಟ್ಟಾಗಬ್ಯಾಡ. ಆ ಎರಡು ನಿಮಿಷ ಕಂಪ್ಯೂಟರಿನಿಂದ ಹಾಕಿಬಿಡ್ತೀನಿ. ಎಲ್ಲಾರೂ ಹಂಗ ಮಾಡ್ತಾರ. ಯಾರಿಗೂ ತಿಳಿಯೂದಿಲ್ಲ.”

“ನನಗ ತಿಳೀತೈತಿ.”

“ಹಂಗಾರ ಭತ್ತ ಹೋಗೂದರಾಗ ಬಾರಿಸು. ಚೀಲ ಲಾರಿ ಹತ್ತಿದ್ವು ಅಂದ್ರ ಕಂಪ್ಯೂಟರ್. ಆಮ್ಯಾಲ ವಾದ ಮಾಡಬಾರದು.”

ಫೈಜಾನ ಒಪ್ಪಿದ. ಉಳಿದಿದ್ದು ಐದು ದಿನ.

ಕಾರಣ ಅವನಿಗೆ ಗೊತ್ತಿತ್ತು. ಇಪ್ಪತ್ತೆರಡರ ಹುರುಪಿನಲ್ಲಿ ಆರು ಎಂಎಂ ತಗಡಿನ ತೂಕವನ್ನು ಕಾಲು ತಾಳಿಕೊಂಡಿತ್ತು. ಈಗ ಪ್ರತಿ ಪೆಟ್ಟಿಗೂ ಕಬ್ಬಿಣವನ್ನು ತಳ್ಳಿ, ಬ್ರೇಕಿನ ಸ್ಪ್ರಿಂಗಿನ ಜೊತೆ ಜಗಳವಾಡಿ, ಪಾದದ ಹರಡಿನ ಮೇಲಿನ ನರ ಸಂಜೆ ಹೊತ್ತಿಗೆ ಹಗ್ಗವಾಗುತ್ತಿತ್ತು. ಬೇರೆ ಪೆಡಲ್ ತರಬಹುದಿತ್ತು. ಆದರೆ ತಂದರೆ ಅಪ್ಪನ ಕೆಲಸ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದಂತೆಯೇ. ಮಿಸ್ತ್ರಿಯ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ: ವಾಪಸ್ ಬಂದ ಮಾಲು ಬಾಗಿಲ ಪಕ್ಕದ ಟೇಬಲ್ಲಿನ ಮೇಲೆ, ಹೋಗಿಬರುವವರಿಗೆಲ್ಲ ಕಾಣುವಂತೆ ಇರಬೇಕು, ಅದು ಸರಿಯಾಗುವವರೆಗೆ ಹೊಸ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಆ ಟೇಬಲ್ಲು ವರ್ಷಗಟ್ಟಲೆ ಖಾಲಿ ಇರುತ್ತದೆ. ಬಂದವರಿಗೆಲ್ಲ ‘ಆ ಪೆಡಲ್ ನಾ ಮಾಡಿದ್ದು’ ಎಂದು ಹೇಳಿಕೊಳ್ಳುವ ಮುದುಕನ ಮುಂದೆ ಅದನ್ನು ತಂದಿಡುವುದು ಹೇಗೆ?

ಹಾಗೇ ಎರಡು ದಿನ ಕಳೆದವು. ಸಂಜೆ ಮನೆಯಲ್ಲಿ ಹೆಂಡತಿ ಮುಸರತ ಬಿಸಿನೀರಿನ ಬಕೆಟ್ಟು ತಂದಿಟ್ಟಳು. ಪ್ರಾಥಮಿಕ ಶಾಲೆಯ ಶಿಕ್ಷಕಿ. ಸುತ್ತುಬಳಸಿ ಮಾತಾಡುವವಳಲ್ಲ.

“ಹೆಂಡತಿ ಮುಂದ ಹಲ್ಲು ಕಡೀತೀರಿ, ಅಬ್ಬಾನ ಮುಂದ ಹಲ್ಲು ಕಿಸೀತೀರಿ. ನಮ್ಮ ಸಾಲ್ಯಾಗ ಎರಡನೇ ಇಯತ್ತೆ ಹುಡುಗೂರು, ಟೀಚರ್ ಬೂಟು ಒತ್ತತೈತ್ರಿ ಅಂತ ಬಂದು ಹೇಳ್ತಾವ. ನಿಮಗ ಅಷ್ಟೂ ಬರಂಗಿಲ್ಲ?”

“ಅವರಿಗೆ ಕೆಟ್ಟ ಅನಸತೈತಿ.”

“ಅನಸ್ಲಿ. ಅವರಿಗೆ ಒಂದ ದಿನ ಅನಸತೈತಿ. ನೀವು ಆ ಹಾಡು ಬಿಟ್ಟುಕೊಟ್ರಿ ಅಂದ್ರ, ನಾ ಇಡೀ ಜನ್ಮ ನಿಮ್ಮ ಸೋತ ಮಾರಿ ನೋಡಬೇಕು. ನೀವು ಹೇಳ್ತೀರೋ, ನಾ ಹೇಳ್ಲೋ?”

ಮರುದಿನ ಬೆಳಿಗ್ಗೆ ಫೈಜಾನ ಪೆಡಲನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದು, ಬಾಗಿಲ ಪಕ್ಕದ ಟೇಬಲ್ಲಿನ ಮೇಲೆ ಇಟ್ಟ. ಮಿಸ್ತ್ರಿ ಕತ್ತೆತ್ತದೆ ಕೇಳಿದರು.

“ಯಾರದು?”

“ನಂದು.”

“ಏನಾಗೈತಿ?”

“ಏನೂ ಆಗಿಲ್ಲ ಅಬ್ಬಾ, ಸುಮ್ಮನ...”

“ಏನೂ ಆಗದ್ದು ಅಲ್ಲಿ ಇಡಂಗಿಲ್ಲ.”

“ತಗಡು ಭಾಳ ವಜ್ಜಿ ಆತು. ಸ್ಪ್ರಿಂಗ್ ಬಿಗಿ. ಬಲಗಾಲು ನಿಲ್ಲವಲ್ದು.”

“ಯಾವಾಗಿಂದ?”

“ವಜ್ಜಿ ಮೊದಲಿಂದ. ನೋವು ನಾಕ ವರ್ಷದಿಂದ.”

ಲೇಥ್ ನಿಂತಿತು. ಮಿಸ್ತ್ರಿ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಗೋಣಿ ಬಿಚ್ಚಿ ಪೆಡಲನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು.

“ಗಿರಾಕಿ ಆಗಿದ್ರ ಎರಡನೇ ದಿನಾ ಬಂದು ಬೈದು ಹೋಗ್ತಿದ್ದ. ನೀ ಮಗಾ ಆಗಿ ಹದಿನಾರು ವರ್ಷ ನನ್ನ ಮರ್ಯಾದಿ ಕಳದಿ. ಕೆಟ್ಟ ಮಾಲು ಅಂಗಡಿ ಹೊರಗ ಓಡ್ಯಾಡಾಕತ್ತೈತಿ, ನನಗ ಖಬರಿಲ್ಲ! ಚಪ್ಪಲಿ ಬಿಡು. ಕಾಲಿಡು ಇಲ್ಲಿ.”

ಬೆಂಚಿನ ಮೇಲೆ ಮಗನ ಪಾದದ ಸುತ್ತ ಚಾಕ್‌ಪೀಸಿನ ಗೆರೆ ಎಳೆದರು. ಹಳೆಯ ತಗಡನ್ನು ಅದರ ಮೇಲೆ ಇಟ್ಟರು. ಗೆರೆ ತಗಡಿಗಿಂತ ಎರಡು ಬೆರಳು ಆಚೆ ಉಳಿಯಿತು. ಮಿಸ್ತ್ರಿ ತಮ್ಮ ಕಾಲಿನ ಚಪ್ಪಲಿ ತೆಗೆದು ಇಟ್ಟು ನೋಡಿದರು. ತಗಡಿಗೆ ಸರಿಸಮ.

“ತಗೋ. ನಾ ನನ್ನ ಕಾಲಿಗೆ ಮಾಡೇನಿ ಇದನ್ನ,” ಎಂದು ಮೊದಲ ಸಲ ಸಣ್ಣ ದನಿಯಲ್ಲಿ ಅಂದರು.

ಎರಡು ದಿನ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಉಪ್ಪಿನಬೆಟಗೇರಿಯ ಬಸವಕಿರಣ ಮುರಿದ ಶಾಫ್ಟ್ ಹೊತ್ತು ತಂದು, “ಟ್ರ್ಯಾಕ್ಟರ್ ಹೊಲದಾಗ ನಿಂತೈತ್ರಿ ಮಿಸ್ತ್ರಿ,” ಎಂದ.

“ವಾಪಸ್ ಮಾಲು ಬಂದೈತಿ. ನಾಡದ ಬರ್ರಿ.”

“ನಿಮ್ಮಲ್ಲೂ ವಾಪಸ್ ಬರತೈತೇನ್ರಿ? ಯಾರದ್ರೀ?”

“ಬಾಯಿಲ್ಲದ ಗಿರಾಕಿ ಒಬ್ಬಂದು.”

ಫೈಜಾನ ತಲೆ ತಗ್ಗಿಸಿ ಅರ ಹೊಡೆಯುತ್ತಿದ್ದ.

ಈ ಸಲ ಅಲ್ಯುಮಿನಿಯಂ ತಗಡು, ಮೂರು ಎಂಎಂ, ನಡುನಡುವೆ ತೂತು. ಜೀವನವಿಡೀ ದಪ್ಪ ಮಾಡಿದ ಕೈಗೆ ತೆಳ್ಳಗೆ ಮಾಡುವುದು ಕಷ್ಟ. ಮಿಸ್ತ್ರಿ ಒಂದು ತೂತು ಕೊರೆದು, “ಸಾಕಲ್ಲ?” ಅನ್ನುವರು. ಫೈಜಾನ, “ಇನ್ನೊಂದು,” ಅನ್ನುವನು. “ಹಿಟ್ಟಿನ ಚಾಳಣಿ ಮಾಡಾಕತ್ತೇವೇನೋ?” ಎಂದು ಗೊಣಗುತ್ತ ಇನ್ನೊಂದು ಕೊರೆಯುವರು. ಚೈನು ಹೋಗಿ ತೆಳು ಸರಳು ಬಂತು, ಸಣ್ಣ ಬೇರಿಂಗ್ ಕೂತವು. ಸ್ಪ್ರಿಂಗನ್ನು ತಂತಿಯಿಂದ ಲೇಥಿನ ಮೇಲೆಯೇ ಸುತ್ತಿದರು.

ಭತ್ತ ಹೋಗುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಗೋದಾಮಿನಲ್ಲಿದ್ದರು. ಮಿಸ್ತ್ರಿ ಕಿವಿಗೆ ಹತ್ತಿ ಇಟ್ಟುಕೊಂಡು, ನಟ್ಟು ತಿರುಗಿಸುವ ಪಾನೆ ಹಿಡಿದು ಭತ್ತದ ಚೀಲದ ಮೇಲೆ ಕೂತರು. ನಾಲ್ಕು ವರ್ಷದ ನೋವು ಎರಡು ದಿನದಲ್ಲಿ ಹೋಗುವುದಿಲ್ಲ. ಮೊದಲ ಸಲ ಕೊನೆಯ ಅರ್ಧ ನಿಮಿಷದಲ್ಲಿ ಕಾಲು ಮತ್ತೆ ಸೆಟೆಯಿತು. ಫೈಜಾನ ಕೋಲು ತೊಡೆಯ ಮೇಲಿಟ್ಟು ತಂದೆಯ ಕಡೆ ತಿರುಗಿದ.

“ಬಲಗಾಲಿಂದು ಇನ್ನೂ ಬಿಗಿ ಐತಿ ಅಬ್ಬಾ. ಗುಂಡೂ ಲಗೂ ತಿರಗವಲ್ದು.”

“ಎಷ್ಟ ಸಡಲ್ಸಲಿ?”

“ಎರಡ ಸುತ್ತು.”

“ಹಂಗ ಹೇಳಬೇಕು ನೋಡು,” ಎಂದು ಮಿಸ್ತ್ರಿ ನೆಲಕ್ಕೆ ಮೊಣಕಾಲೂರಿ ಪಾನೆ ತಿರುಗಿಸಿದರು. ಗುಂಡು ಬೇಗ ತಿರುಗಲೆಂದು ಅದರ ಕಾಂಡವನ್ನು ಅರ್ಧ ಇಂಚು ಕೆಳಗಿಳಿಸಿದರು.

ಎರಡನೆಯ ಸಲವೂ ಆಗಲಿಲ್ಲ. ಮತ್ತೆ ಅರ್ಧ ಸುತ್ತು ಸಡಿಲವಾಯಿತು. ಮೂರನೆಯ ಸಲ ಫೈಜಾನ ಹಾಡಿನ ಕೊನೆಯವರೆಗೆ ಹೋದ. ನಿಂತಾಗ ಅಂಗಿ ಮೈಗೆ ಅಂಟಿತ್ತು, ಬಲ ಮೀನಖಂಡ ತಾನೇ ಕುಣಿಯುತ್ತಿತ್ತು. ಮಿಲಿಂದ ಪರದೆಯ ಮೇಲಿನ ಗೆರೆಗಳನ್ನು ಹಿಗ್ಗಿಸಿ, ಮೂಗು ಹಚ್ಚಿ ನೋಡಿದ.

“ಖರೇನ ಬಾರಿಸಿದಿ ಮಾರಾಯ. ಕಡೀಕ ಎರಡ ಪೆಟ್ಟ ಬಿಟ್ಟಾವ, ಅಷ್ಟ. ಕಂಪ್ಯೂಟರಿನಿಂದ ಹಚ್ಚಿಬಿಡ್ಲೇನು? ಒಂದ ಸೆಕೆಂಡಿನ ಕೆಲಸ.”

ಮಿಸ್ತ್ರಿ ಕಿವಿಯ ಹತ್ತಿ ತೆಗೆದರು. “ಏನಂತಾನ?”

“ಎರಡು ಪೆಟ್ಟು ಬಿಟ್ಟೇನಂತ ಅಬ್ಬಾ.”

“ಪೆಡಲ್ ಬಿಡ್ತೋ, ನೀ ಬಿಟ್ಯೋ?”

“ನಾನ ಬಿಟ್ಟೆ.”

“ಹಂಗಾದ್ರ ನನ್ನ ಕೆಲಸ ಆತು,” ಎಂದು ಮಿಸ್ತ್ರಿ ಪಾನೆಯನ್ನು ತಮ್ಮ ಕೈಚೀಲದಲ್ಲಿ ಹಾಕಿಕೊಂಡು ಎದ್ದರು.

ಫೈಜಾನ ಮಿಲಿಂದನಿಗೆ ಹೇಳಿದ: “ಹಚ್ಚಬ್ಯಾಡ. ಹಂಗ ಇರಲಿ.”

ಮರುದಿನ ಲಾರಿ ಬಂದು ಚೀಲಗಳನ್ನು ಹೇರಿಕೊಂಡು ಹೋಯಿತು. ಹಾಡು ಹಾಗೇ ಹೊರಬಂತು, ಎರಡು ಪೆಟ್ಟು ಕಡಿಮೆ.