ಬೆವರದ ಕುದುರೆ

ಮೊನ್ನೆ ಬಂದರಿನ ಗೋದಾಮುಗಳ ಸಾಲಿನಲ್ಲಿ ನಡೆಯುತ್ತಿದ್ದಾಗ ಒಂದು ಬಾಗಿಲಿನೊಳಗಿಂದ ಒದ್ದೆ ಗೋಣಿಯ, ಬೂಷ್ಟು ಹಿಡಿದ ಗೋಧಿ ಬೂಸದ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಮೂಟೆ ಹೊತ್ತವರು ದಾರಿ ಬಿಡಿ ಎಂದು ಕೂಗಿದರೂ ಕಾಲು ಮುಂದಕ್ಕೆ ಹೋಗಲಿಲ್ಲ. ಆ ಹುಳಿ ವಾಸನೆಯೊಂದಿಗೆ ಲಾಯದಲ್ಲಿ ಪಕ್ಕದ ಕೋಣೆಯ ಅಕ್ಕ ನೆನಪಾದರು... ಕುದುರೆಯ ಮೇವಿನ ತೊಟ್ಟಿಗೆ ಕೈ ಹಾಕಿ, ಒಂದು ಮುಷ್ಟಿ ಬೂಸವನ್ನು ಮೂಗಿನ ಬಳಿ ಹಿಡಿದು, "ಇದನ್ನು ಹಂದಿಗೆ ಹಾಕಿದ್ರೆ ಹಂದಿಯೂ ನೆಂಟಸ್ತಿಕೆ ಬಿಡ್ತದೆ ಮಾರಾಯ್ತಿ" ಎನ್ನುತ್ತಿದ್ದ ಅಕ್ಕ.

ಮಂಗಳೂರಿನಿಂದ ಬಜಪೆಗೆ ಹೋಗುವ ದಾರಿಯಲ್ಲಿ, ಪದವು ಎಂದು ಕರೆಯುವ ಮುರಕಲ್ಲಿನ ಬೋಳುಗುಡ್ಡದ ಮೇಲೆ, ತಗಡಿನ ಮಾಡು ಹೊದ್ದ ಒಂದು ಉದ್ದನೆಯ ಲಾಯವಿತ್ತು. ಕುದುರೆ ಇದ್ದು ಕಟ್ಟಲು ಜಾಗವಿಲ್ಲದ ನಾವು ಕೆಲವರು ಬಾಡಿಗೆ ಕೊಟ್ಟು ಅಲ್ಲಿ ಬಿಡುತ್ತಿದ್ದೆವು. ನನ್ನದು, ಕಡಲತೀರದ ಸವಾರಿಯ ದುಡಿತದಿಂದ ಗೆಳೆಯರೆಲ್ಲ ಸೇರಿ ಹೋರಾಡಿ ಬಿಡಿಸಿ ತಂದ ಹೆಣ್ಣುಕುದುರೆ. ಅಕ್ಕನದು ಕಂದು ಬಣ್ಣದ ಗಂಡು. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಅವರ ಗಂಡ, ತೀರಿಕೊಳ್ಳುವ ಮೊದಲು ಆಸೆಪಟ್ಟು ಕೊಂಡದ್ದು. ಸವಾರಿ ಅಕ್ಕನಿಗೆ ಬರುತ್ತಿರಲಿಲ್ಲ. ಆದರೂ ದಿನವೂ ಬರುತ್ತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮೈ ತಿಕ್ಕುತ್ತಿದ್ದರು, ಅದರೊಂದಿಗೆ ತುಳುವಿನಲ್ಲಿ ಜಗಳವಾಡುತ್ತಿದ್ದರು.

ತಪ್ಪು ಕಂಡಲ್ಲಿ ಎದ್ದು ನಿಂತು, ಅದರ ಹೆಸರು ಹಿಡಿದು ಹೇಳಬೇಕೆಂದು ನನ್ನ ಶಾಲೆಯಲ್ಲಿ ಕಲಿಸಿದ್ದರು. ಆ ಲಾಯದಲ್ಲಿ ಹೆಸರಿಡಲು ಏನೂ ಕಡಿಮೆಯಿರಲಿಲ್ಲ. ಕುದುರೆ ಪೂರ್ತಿ ತಿರುಗಿ ನಿಲ್ಲಲಾಗದಷ್ಟು ಇಕ್ಕಟ್ಟಾದ ಕೋಣೆಗಳು. ಹಸಿರು ಹುಲ್ಲಿನ ಬದಲು, ದನಗಳಿಗೆ ಹಾಕುವ ಬೈಹುಲ್ಲು. ಪಾಚಿ ಕಟ್ಟಿದ ನೀರಿನ ತೊಟ್ಟಿ. ಕುದುರೆಗಳು ಓಡಾಡಲೆಂದು ಬಿಟ್ಟ ಬಯಲನ್ನು ಪಕ್ಕದ ಮದುವೆ ಹಾಲ್‌ನವರ ಕಾರು ನಿಲ್ಲಿಸಲು ಕೊಟ್ಟದ್ದು ಒಂದು ಅನ್ಯಾಯವಾದರೆ, ನಮ್ಮನ್ನು ಕೇಳದೆಯೇ ನಮ್ಮ ಕುದುರೆಗಳಿಗೆ ಜರಿಯ ಬಟ್ಟೆ ಹೊದಿಸಿ ಅದೇ ಹಾಲ್‌ನ ಮದುಮಗನನ್ನು ಹೊರಿಸುತ್ತಿದ್ದದ್ದು ಇನ್ನೊಂದು. ಎಲ್ಲವನ್ನೂ ಲಾಯದ ಯಜಮಾನನ ಮುಂದೆ ನಿಂತು ಹೇಳಿದೆ. ಆತ ನಗುತ್ತಲೇ ಕೇಳಿದ. "ಮೇಡಂ, ಬೇರೆ ಕಡೆ ಒಳ್ಳೆಯದು ಉಂಟಾದ್ರೆ ಹೇಳಿ, ನಾನೇ ಬಂದು ಬಿಟ್ಟು ಬರ್ತೇನೆ." ಬೇರೆ ಕಡೆ ಎಲ್ಲಿಯೂ ಇರಲಿಲ್ಲ, ಅದು ಆತನಿಗೆ ಗೊತ್ತಿತ್ತು. ನಾನು ದನಿಯೆತ್ತಿದ ಮರುದಿನ ನನ್ನ ಕುದುರೆಯ ಬಕೆಟ್ಟು ಮಧ್ಯಾಹ್ನದವರೆಗೂ ಖಾಲಿ ಇರುತ್ತಿತ್ತು. ಮಾತು ನನ್ನದು, ಬಾಯಾರಿಕೆ ಅವಳದು. ಅಧಿಕಾರಿಗಳಿಗೆ ದೂರು ಕೊಟ್ಟರೆ, ಅವರು ಬರುವ ದಿನ ಬೆಳಗ್ಗೆ ತೊಟ್ಟಿ ತೊಳೆದಿರುತ್ತಿತ್ತು.

ನನ್ನೊಂದಿಗೆ ದೂರಿಗೆ ಸಹಿ ಹಾಕಿರೆಂದು ಅಕ್ಕನನ್ನು ಕೇಳಿದೆ. ಅವರು ತಲೆಯಾಡಿಸಿದರು.

"ಅದು ಆಗ್ಲಿಕ್ಕಿಲ್ಲ ಮಗಾ. ಅವ ನನ್ನ ಬರಿಯವ."

ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲಕ್ಕೆ ಬರಿ ಎನ್ನುತ್ತಾರೆ. ಒಂದೇ ಬರಿಯವರು ಹಿಂದೆ ಮುಖ ನೋಡಿರದಿದ್ದರೂ ಒಡಹುಟ್ಟಿದವರೇ. ಕುದುರೆ ತಂದುಬಿಟ್ಟ ಮೊದಲ ದಿನವೇ ಯಜಮಾನ ಅವರ ಬರಿ ವಿಚಾರಿಸಿ, "ಹಾಗಾದ್ರೆ ನೀವು ನನಗೆ ಅಕ್ಕ" ಎಂದು ಕಾಲು ಮುಟ್ಟಿದ್ದನಂತೆ. ಅಂದಿನಿಂದ ಅವರ ಬಾಯಿಗೆ ಬೀಗ. ತಮ್ಮನ ಮೇಲೆ ಹೊರಗಿನವರಿಗೆ ದೂರು ಹೇಳುವ ಅಕ್ಕ ಅವರ ಕಡೆ ಇಲ್ಲ. ನೆಂಟಸ್ತಿಕೆಯನ್ನು ಬೇಲಿಯಾಗಿ ಬಳಸುವುದೂ ಒಂದು ದಬ್ಬಾಳಿಕೆಯೇ ಎಂದು ನಾನು ವಾದಿಸಿದೆ. ಅವರು ಕುದುರೆಯ ಗೊರಸು ಕೆರೆಯುತ್ತಲೇ, "ನಿನ್ನ ಭಾಷಣ ಒಳ್ಳೇದುಂಟು. ಆದ್ರೆ ನೀನು ಮನೆಗೆ ಹೋದ ಮೇಲೆ ಇವ ಇಲ್ಲೇ ಇರ್ಬೇಕಲ್ಲ?" ಎಂದರು.

ಆ ವರ್ಷದ ಬೇಸಗೆ... ತಗಡಿನ ಕೆಳಗೆ ನಿಂತರೆ ನಮ್ಮ ಬಟ್ಟೆ ಹಿಂಡುವಷ್ಟು ಒದ್ದೆಯಾಗುತ್ತಿತ್ತು. ನನ್ನ ಕುದುರೆಯ ಕುತ್ತಿಗೆಯಿಂದ ನೊರೆ ಇಳಿಯುತ್ತಿತ್ತು. ಅಕ್ಕನ ಕುದುರೆಯ ಮೈ ಮಾತ್ರ ಒಣಗಿಯೇ ಇತ್ತು. ನಾವೆಲ್ಲ ಅದನ್ನು ಹೊಗಳಿದೆವು. ಬೆವರುವುದೇ ಬೇಸಗೆಯ ಶಾಪವೆಂದುಕೊಂಡ ಈ ಊರಿನಲ್ಲಿ ಬೆವರದವನು ಭಾಗ್ಯವಂತನಂತೆ ಕಂಡ. "ನೋಡಿ, ನಮ್ಮ ಲಾಯ ಎಷ್ಟು ತಂಪು!" ಎಂದು ಯಜಮಾನ ಅದನ್ನು ಬಂದವರಿಗೆಲ್ಲ ತೋರಿಸಿದ. "ಮಂಗಳೂರಲ್ಲಿ ಪೌಡರು ಬೇಡದವ ಇವ ಒಬ್ಬನೇ" ಎಂದು ಅಕ್ಕನೂ ನಕ್ಕರು.

ಅದು ಮೇವು ಬಿಟ್ಟು ಏದುಸಿರು ಬಿಡತೊಡಗಿದಾಗ ಪಶುವೈದ್ಯರನ್ನು ಕರೆಸಿದರು. ಅವರು ಒಣ ಕುತ್ತಿಗೆಯ ಮೇಲೆ ಕೈಯಿಟ್ಟು ನೋಡಿದರು. ಈ ಸೆಖೆಗೆ ಕೆಲವು ಕುದುರೆಗಳ ಬೆವರು ಬತ್ತಿಹೋಗುತ್ತದೆ. ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಪ್ರಾಣಿ ಒಳಗೊಳಗೇ ಬೇಯುತ್ತದೆ. ಗಾಳಿ ಬೇಕು, ಮೈಮೇಲೆ ನೀರು ಬೇಕು. ಆಮೇಲೆ ತಂಪಿನ ಊರಿಗೆ ಕಳಿಸಬೇಕು, ಇಲ್ಲವಾದರೆ ಉಳಿಯುವುದಿಲ್ಲ ಎಂದರು. ನಾವು ಹೊಗಳಿದ್ದು ರೋಗವನ್ನು.

ಮರುದಿನವೇ ಅಕ್ಕ ಮನೆಯಿಂದ ದೊಡ್ಡ ಪೆಡೆಸ್ಟಲ್ ಫ್ಯಾನು ತಂದು ಅದರೆದುರು ಇಟ್ಟರು. ಅದರ ಮರುದಿನ ಫ್ಯಾನು ಅಲ್ಲಿರಲಿಲ್ಲ. ಒಂದು ಕುದುರೆಗೆ ಹಾಕಿದರೆ ಉಳಿದವರೂ ಕೇಳುತ್ತಾರೆ, ಅದು ಲಾಯದ ನಿಯಮಕ್ಕೆ ವಿರುದ್ಧ ಎಂಬ ಸಮಜಾಯಿಷಿ ಬಂತು. ಕುದುರೆ ಗೋಡೆಗೆ ಹಣೆಯೊತ್ತಿ, ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆಯುತ್ತಿತ್ತು. ಇಬ್ಬರೂ ಆಫೀಸು ಕೋಣೆಗೆ ಹೋದೆವು. ಊಟ ಮುಗಿಸಿದ ಯಜಮಾನ ಬೆಂಚಿನ ಮೇಲೆ ಮಲಗಿದ್ದ. ಅಕ್ಕನ ಫ್ಯಾನು ಅವನ ಲುಂಗಿಯನ್ನು ಪಟಪಟ ಬಡಿಯುತ್ತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಒತ್ತಿ ಹಿಡಿದರು.

"ತಮ್ಮಾ," ಎಂದು ಮೆಲ್ಲಗೆ ಎಬ್ಬಿಸಿದರು. "ಏಳುವುದು ಬೇಡ, ಮಲಗು. ಕುದುರೆಯನ್ನು ನಾಲ್ಕು ದಿನ ಮನೆಗೆ ಕರ್ಕೊಂಡು ಹೋಗ್ತೇನೆ."

ಆತ ಧಡಕ್ಕನೆ ಕುಳಿತ. ಒಂದು ತಿಂಗಳು ಮೊದಲೇ ತಿಳಿಸದೆ ಯಾವ ಕುದುರೆಯೂ ಗೇಟು ದಾಟುವಂತಿಲ್ಲ ಎಂಬುದು ಅವನ ಕಾನೂನು. "ಅಲ್ಲ ಅಕ್ಕ, ಅದು ಹಾಗೆ ಆಗುವುದಿಲ್ಲ..."

"ಅಕ್ಕ ಬಾಯಿ ಬಿಟ್ಟು ಕೇಳುವುದು ಇದೇ ಮೊದಲು. ಇಲ್ಲ ಅಂತ ಹೇಳು, ನಾನು ಹೋಗ್ತೇನೆ. ನಾಳೆ ನಮ್ಮ ಬರಿಯವರು ಎಂತ ಅಂತ ಕೇಳಿದ್ರೆ, ತಮ್ಮ ಇಲ್ಲ ಹೇಳಿದ ಅಂತ ಹೇಳ್ತೇನೆ, ಅಷ್ಟೇ."

ಆತ ಲುಂಗಿ ಸರಿಪಡಿಸಿಕೊಂಡ. ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ದೂರು ಕೊಡಲಾಗದಂತೆ ಅಕ್ಕನನ್ನು ಕಟ್ಟಿದ್ದ ಹಗ್ಗದ ಇನ್ನೊಂದು ತುದಿ ಅವನ ಕಾಲಿಗೂ ಸುತ್ತಿಕೊಂಡಿದೆಯೆಂದು ನನ್ನಂತೆ ಅವನಿಗೂ ಆಗಲೇ ಹೊಳೆದಿರಬೇಕು. "ಕರ್ಕೊಂಡು ಹೋಗಿ ಅಕ್ಕ," ಎಂದ. ಅಕ್ಕ ಫ್ಯಾನಿನ ಪ್ಲಗ್ಗು ಕಿತ್ತು, ವಯರು ಸುತ್ತಿ, ನನ್ನ ಕೈಗೆ ಕೊಟ್ಟರು.

ಬಿಸಿಲು ಇಳಿದ ಮೇಲೆ ಟೆಂಪೊ ಬಂತು. ಕದ್ರಿಯ ಬಳಿಯ ಅವರ ಮನೆಯ ಕಾರು ನಿಲ್ಲುವ ಜಾಗದಲ್ಲಿ ಕುದುರೆ ನಿಂತಿತು, ಫ್ಯಾನು ತಿರುಗಿತು, ನಾವು ಸರದಿಯಲ್ಲಿ ಪೈಪು ಹಿಡಿದೆವು. ಅದು ಮೊದಲ ಬಾರಿ ಬಕೆಟ್ಟಿಗೆ ಬಾಯಿ ಹಾಕಿದಾಗ ಅಕ್ಕ ಮೆಟ್ಟಿಲ ಮೇಲೆ ಕುಳಿತು ಅತ್ತರು. ವಾರ ಕಳೆಯುವ ಮೊದಲೇ ಎದುರಿನ ಫ್ಲ್ಯಾಟುಗಳಿಂದ ವಾಸನೆಯ ತಕರಾರು ಶುರುವಾಯಿತು. ಇಲ್ಲಿ ಇರಿಸುವಂತಿಲ್ಲ, ಅಲ್ಲಿಗೆ ಮರಳಿಸುವಂತಿಲ್ಲ. ಮಳೆ ಹಿಡಿಯುವ ಹೊತ್ತಿಗೆ, ಘಟ್ಟದ ಮೇಲೆ ಕುದುರೆ ಸಾಕಿಕೊಂಡಿದ್ದ, ಇನ್ನೊಂದಕ್ಕಷ್ಟೇ ಜಾಗವಿದ್ದ ಪರಿಚಯದವರೊಬ್ಬರಿಗೆ ಅದನ್ನು ಒಪ್ಪಿಸಿದರು. ಟೆಂಪೊ ಹೊರಟಾಗ ಅಕ್ಕ ಗೇಟಿನವರೆಗೂ ಹೋಗಲಿಲ್ಲ. "ನಾನು ಕಂಡ್ರೆ ಇಳೀತಾನೆ" ಎಂದರು.

ಆಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಬೆವರು ಬಂತಂತಾ?" ಮಳೆಯ ಚಳಿಯಲ್ಲಿ ಅದು ತಿಳಿಯುವಂತಿರಲಿಲ್ಲ, ಬಿಸಿಲು ಬಂದು, ಓಡಿಸಿ ನೋಡಬೇಕಿತ್ತು. ಅಷ್ಟು ಕಾಲ ಅಕ್ಕನಿಗೆ ಸಿಗಲಿಲ್ಲ. ಮಳೆ ಬಿಡದ ಆಟಿ ತಿಂಗಳ ಒಂದು ಮುಂಜಾನೆ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಅವರ ಬೊಜ್ಜಕ್ಕೆ, ಆ ಉತ್ತರಕ್ರಿಯೆಯ ಊಟಕ್ಕೆ, ಲಾಯದ ಯಜಮಾನನೂ ಬಂದಿದ್ದ. ಬರಿಯವನೆಂದು ಮನೆಯವರು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಅದು ಅಕ್ಕನ ಮನೆ.

ದೀಪಾವಳಿ ಕಳೆದ ಮೇಲೆ ಘಟ್ಟದಿಂದ ನನ್ನ ಫೋನಿಗೊಂದು ವಿಡಿಯೊ ಬಂತು. ಇಳಿಬಿಸಿಲಿನಲ್ಲಿ ಓಡಿ ಬಂದು ನಿಂತ ಕಂದು ಕುದುರೆ. ಕುತ್ತಿಗೆಯಿಂದ ಭುಜದವರೆಗೂ ತೊಯ್ದು ಕಪ್ಪಾಗಿತ್ತು. ನಾನಾಗ ಲಾಯದಲ್ಲೇ ಇದ್ದೆ. ಫೋನು ಹಿಡಿದುಕೊಂಡು, ಅಕ್ಕ ಇರುತ್ತಿದ್ದ ಪಕ್ಕದ ಕೋಣೆಯತ್ತ ತಿರುಗಿಬಿಟ್ಟೆ...

ಅದಾಗಿ ಕೆಲವು ವರ್ಷಗಳಾದವು. ನನ್ನ ಹೆಣ್ಣುಕುದುರೆ ಇಂದಿಗೂ ಅದೇ ತಗಡಿನ ಕೆಳಗಿದ್ದಾಳೆ. ಈ ನಗರದಲ್ಲಿ ಅವಳಿಗೆ ಇನ್ನೊಂದು ಬಾಗಿಲು ತೆರೆದಿಲ್ಲ. ನನ್ನ ದೂರುಗಳು ಪರಿಶೀಲನೆಯಲ್ಲಿವೆ. ನನಗೆ ಅಲ್ಲಿ ಬರಿಯವರು ಯಾರೂ ಇಲ್ಲ. ಇದ್ದ ಒಬ್ಬ ಅಕ್ಕ ತನ್ನ ಕುದುರೆಯನ್ನು ಹೊರಗೆ ದಾಟಿಸಿ, ಅದು ಬದುಕಿತೆಂದು ತಿಳಿಯದೆ ಹೋದರು.