ಬೀಗ ಬಿದ್ದ ಗೋಪುರ

ಐರ್ಲೆಂಡಿಗೆ ಬಂದ ಎರಡನೆಯ ವರ್ಷ ನಾನು ಒಂದು ಪಾಳು ಚರ್ಚಿನ ಗೋಪುರದಲ್ಲಿ ಎರಡೂವರೆ ಗಂಟೆ ಸಿಕ್ಕಿಹಾಕಿಕೊಂಡಿದ್ದೆ.

ನನ್ನ ಗಂಡ ಆಗ ಲೀಕ್ಸ್‌ಲಿಪ್‌ನಲ್ಲಿ ಎಂಜಿನಿಯರು. ವರ್ಕ್ ಪರ್ಮಿಟ್ ಅವರದ್ದು, ನಾನು ಕೆಲಸಕ್ಕೆ ಹೋಗುವಂತಿರಲಿಲ್ಲ. ಮೈಸೂರಿನಲ್ಲಿ ಏಳು ವರ್ಷ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟವಳು, ಇಲ್ಲಿ ಐದು ವರ್ಷದ ಮಗಳನ್ನು ಶಾಲೆಗೆ ಬಿಟ್ಟು ಬಂದು ಮಧ್ಯಾಹ್ನ ಒಂದೂವರೆಯವರೆಗೆ ಗೋಡೆ ನೋಡುತ್ತ ಕೂರುತ್ತಿದ್ದೆ. ನಮ್ಮ ಹೊಸ ಬಡಾವಣೆಯ ಹಿಂದಿನ ಹುಲ್ಲುಗಾವಲಿನಲ್ಲಿ ಆ ಚರ್ಚು ನಿಂತಿತ್ತು. ಅದರ ಚರಿತ್ರೆಯನ್ನಾದರೂ ಬರೆದಿಡೋಣ ಎಂದು ಒಂದು ನೋಟ್‌ಬುಕ್ ಕೊಂಡೆ.

ಗೋಪುರದ ಬೀಗದ ಕೈ ಚರ್ಚಿನ ಪಕ್ಕದ ಹಳೆಯ ಮನೆಯ ಐರಿಶ್ ಅಜ್ಜಿಯ ಬಳಿ ಇರುತ್ತಿತ್ತು. ಆಕೆಯ ತಾಯಿಯೂ ಅದನ್ನು ಕಾಪಾಡಿಕೊಂಡು ಬಂದವರಂತೆ. ಆ ಸೀಮೆಯನ್ನು ಗೆದ್ದು ಬಂದ ಪಾಳೆಯಗಾರರು ಏಳೆಂಟುನೂರು ವರ್ಷದ ಹಿಂದೆ ಚರ್ಚು ಕಟ್ಟಿಸಿದರು. ಸುತ್ತಲಿನ ಹಳ್ಳಿಗಳಿಗೆಲ್ಲ ನಾಮಕರಣ, ಮದುವೆ, ಮಣ್ಣು ಎಲ್ಲವೂ ಅಲ್ಲೇ. ಆಮೇಲೆ ದಾಳಿಗಳ ಕಾಲ ಬಂತು. ಪಾದ್ರಿ ಜೀವಭಯದಿಂದ ಗೋಪುರದ ಮೇಲಿನ ಕೋಣೆಯಲ್ಲಿ ಮಲಗತೊಡಗಿದ. ಮೆಟ್ಟಿಲು ಎಷ್ಟು ಕಿರಿದೆಂದರೆ ಒಮ್ಮೆಗೆ ಒಬ್ಬನೇ ಹತ್ತಬೇಕು. ಹತ್ತುವವನ ತಲೆಯ ಮೇಲೆ ಕಲ್ಲು ಹಾಕಲು ಚಾವಣಿಯಲ್ಲೊಂದು ಕಂಡಿ. ರಾಜರ ಮತ ಬದಲಾದ ಮೇಲೆ ಚರ್ಚು ಬೇರೆಯವರ ಕೈಗೆ ಹೋಯಿತು, ಜನ ಬರುವುದು ನಿಂತಿತು, ಮಾಡು ಕುಸಿಯಿತು. ಆದರೂ ಸತ್ತವರನ್ನು ಮಾತ್ರ ಅಲ್ಲಿಗೇ ತರುತ್ತಿದ್ದರು.

"ಉತ್ತರದ ಗೋಡೆಯಾಚೆ ಏನಿದೆ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲೇನೂ ಇಲ್ಲ. ಅಲ್ಲಿಗೆ ಹೋಗ್ಬೇಡಮ್ಮ," ಎಂದು ಅಜ್ಜಿ ಮಾತು ಬದಲಿಸಿದ್ದರು.

ಆ ದಿನ ಅಜ್ಜಿ ಕಣ್ಣು ತೋರಿಸಲು ನೇಸ್ ಪಟ್ಟಣಕ್ಕೆ ಹೊರಟಿದ್ದರು. ನನಗೆ ಬೀಗದ ಕೈ ಕೊಟ್ಟು ಬಸ್ ಹತ್ತಿದರು. ಹನ್ನೊಂದು ಗಂಟೆಗೆ ನಾನು ಗೋಪುರದ ಕಬ್ಬಿಣದ ಗೇಟು ತೆಗೆದು, ಬೀಗವನ್ನು ಅದರ ಕೈ ಸಮೇತ ಸರಳಿಗೆ ಸಿಕ್ಕಿಸಿ ಮೇಲೆ ಹತ್ತಿದೆ. ಪಕ್ಕದಲ್ಲಿ ಇನ್ನೊಂದು ಬಡಾವಣೆಗೆ ರಸ್ತೆ ತೋಡುತ್ತಿದ್ದರು, ಜೆಸಿಬಿ ಗುಡುಗುತ್ತಿತ್ತು. ಪಾದ್ರಿಯ ಕೋಣೆಯ ಒಲೆಯನ್ನು ಅಳೆಯುತ್ತಿದ್ದಾಗ ಕೆಳಗೆ ಏನೋ ಖಣ್ ಎಂದಿತು. ಗಾಳಿ ಅಂದುಕೊಂಡೆ. ಇಳಿದು ಬಂದರೆ ಬೀಗ ಬಿದ್ದಿತ್ತು, ಅದರ ಕೈ ಇರಲಿಲ್ಲ. ರಸ್ತೆ ಕೆಲಸದವನೊಬ್ಬ ಗೇಟು ತೆರೆದಿರುವುದನ್ನು ಕಂಡು, ಮಕ್ಕಳು ನುಗ್ಗಿಯಾರೆಂದು ಬೀಗ ಹಾಕಿ, ಬೀಗದ ಕೈಯನ್ನು ಅಜ್ಜಿಯ ಬಾಗಿಲಿನ ಅಂಚೆ ಕಂಡಿಯೊಳಗೆ ಹಾಕಿ ಹೋಗಿದ್ದನೆಂಬುದು ಆಮೇಲೆ ತಿಳಿಯಿತು.

ಕೂಗಿದೆ. ಜೆಸಿಬಿಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮನೆಗಿದ್ದದ್ದು ಒಂದೇ ಮೊಬೈಲು, ಅದು ಗಂಡನ ಜೇಬಿನಲ್ಲಿತ್ತು. ಯಂತ್ರ ನೆಲಕ್ಕೆ ಬಡಿದಾಗಲೆಲ್ಲ ಗೋಡೆ ನಡುಗಿ ಗಾರೆಯ ಪುಡಿ ತಲೆಯ ಮೇಲೆ ಉದುರುತ್ತಿತ್ತು. ಮುಷ್ಟಿಗಾತ್ರದ ಕಲ್ಲೊಂದು ನನ್ನ ಪಾದದ ಪಕ್ಕದಲ್ಲೇ ಬಿತ್ತು. ಮೇಲೆ ಹೋದರೆ ಚಾವಣಿ ಕುಸಿದೀತು, ಕೆಳಗಿದ್ದರೆ ಮೆಟ್ಟಿಲು ಮುಚ್ಚೀತು ಎಂದು ನಡುವೆ ಗೋಡೆಗೆ ಆತು ಕೂತೆ. ಇಲ್ಲಿಗೆ ಬಂದದ್ದು ಅಜ್ಜಿಯೊಬ್ಬರಿಗೇ ಗೊತ್ತು. ಒಂದೂವರೆಗೆ ಮಗಳು ಶಾಲೆಯ ಗೇಟಿನಲ್ಲಿ ನಿಲ್ಲುತ್ತಾಳೆ. ಗಡಿಯಾರ ನೋಡುವುದಕ್ಕೂ ಹೆದರಿಕೆಯಾಯಿತು.

ಒಂದು ಗಂಟೆಗೆ ಊಟಕ್ಕೆಂದು ಯಂತ್ರ ನಿಂತಿತು. ಆ ಮೌನದಲ್ಲಿ ಹೆಜ್ಜೆ ಸದ್ದು ಕೇಳಿ ಮೇಲಿನ ಕಿಂಡಿಗೆ ಓಡಿದೆ. ಉತ್ತರದ ಗೋಡೆಯಾಚೆ ಟೋಪಿ ಹಾಕಿದ ಮುದುಕನೊಬ್ಬ, ಗೋಡೆಯಿಂದ ರಸ್ತೆಯ ಗುಂಡಿಯವರೆಗೆ ಹೆಜ್ಜೆ ಎಣಿಸುತ್ತಿದ್ದ. ಎಣಿಸಿ ತಿರುಗಿ ಬಂದು ಮತ್ತೆ ಎಣಿಸಿದ. ಅಪರಿಚಿತ ಗಂಡಸು, ನಾನೊಬ್ಬಳೇ, ಅದೂ ಬೀಗದೊಳಗೆ. ಬಾಯಿ ಮುಚ್ಚಿ ನಿಂತೆ. ಆದರೆ ಅವನು ಹೊರಟುಬಿಟ್ಟರೆ? ನನಗರಿವಿಲ್ಲದೆ ಕನ್ನಡವೇ ಬಂತು: "ಅಯ್ಯೋ ಬಿಡಿಸ್ರೀ! ಮಗು, ನನ್ನ ಮಗು!"

ಅವನು ಮೊಣಕಾಲೂರಿ ಕುಸಿದ. ಶಿಲುಬೆಯ ಗುರುತು ಮಾಡಿಕೊಂಡು, ಎದ್ದು, ಆ ವಯಸ್ಸಿನಲ್ಲಿ ಓಡಿದ. ನಾನು ಅಳತೊಡಗಿದೆ. ಇಂಗ್ಲಿಷಿನಲ್ಲಿ ಕೂಗಬೇಕಿತ್ತೆಂದು ಹೊಳೆದಾಗ ಅವನು ಮರೆಯಾಗಿದ್ದ.

ಕೊನೆಗೆ ಆ ಮುದುಕರೇ ಇಬ್ಬರು ಕೆಲಸದವರನ್ನು ಕರೆತಂದರು. ಬೀಗ ಕತ್ತರಿಸುವಾಗ ಒಂದೂವರೆ ದಾಟಿತ್ತು. ಮುದುಕರ ಹಳೆಯ ಕಾರಿನಲ್ಲೇ ಶಾಲೆಗೆ ಹೊರಟೆವು. ದಾರಿಯಲ್ಲಿ ಅವರು ಕೇಳಿದರು.

"ಏನಂತ ಕೂಗಿದ್ರಿ?"

"ನನ್ನ ಮಗು ಅಂತ."

 ಅವರು ರಸ್ತೆ ನೋಡುತ್ತಲೇ ಹೇಳಿದರು. "ನಮ್ಮ ಮೊದಲ ಮಗು ಹುಟ್ಟಿದ ಗಳಿಗೇಲೇ ಹೋಯ್ತು. ನೀರು ಹಾಕಿ ನಾಮಕರಣ ಆಗ್ದೆ ಇರೋ ಕೂಸಿಗೆ ಆಗ ಸ್ಮಶಾನದಲ್ಲಿ ಜಾಗ ಕೊಡ್ತಿರ್ಲಿಲ್ಲ. ಬೆಳಕು ಹರಿಯೋ ಮುಂಚೆ ನಾನೇ ಪೆಟ್ಟಿಗೇಲಿ ತಂದು ಆ ಗೋಡೆ ಪಕ್ಕ ಇಟ್ಟೆ. ನನ್ನ ಹೆಂಡತಿ ಸಾಯೋವರೆಗೂ ಎಲ್ಲಿ, ಎಲ್ಲಿ ಅಂತ ಕೇಳಿದ್ಲು. ನಾನು ಹೇಳ್ಲೇ ಇಲ್ಲ. ಇವತ್ತು ಅವಳೇ ಬಂದು ಕೂಗಿದ್ಲು ಅಂದ್ಕೊಂಡೆ." ಗುಂಡಿ ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ಬರುತ್ತಿದೆ, ಅದಕ್ಕೇ ಎಣಿಸುತ್ತಿದ್ದೆ ಎಂದರು.

ಮಗಳು ಟೀಚರ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. ಅಪ್ಪಿಕೊಂಡರೆ, "ಐ ವಾಸ್ ಗ್ರ್ಯಾಂಡ್, ಅಮ್ಮಾ," ಎಂದು ಇಲ್ಲಿನವರ ಹಾಗೆಯೇ, ಏನೂ ಆಗಲಿಲ್ಲ ಎನ್ನುವಂತೆ ಹೇಳಿದಳು.

ಮರುದಿನ ಬೆಳಗ್ಗೆ ಆ ಮುದುಕರು, ನಾನು, ಅಜ್ಜಿ ಮೂವರೂ ಕೌನ್ಸಿಲ್ ಕಚೇರಿಗೆ ಹೋದೆವು. ಅಜ್ಜಿಗೆ ಎಲ್ಲ ಮೊದಲೇ ಗೊತ್ತಿತ್ತು. ಊರಿಗೇ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮುದುಕರು ಟೋಪಿ ಕೈಯಲ್ಲಿ ಹಿಡಿದು ನಿಂತರು. ಅಜ್ಜಿಯೇ ಹೇಳಿದರು, ನಾನು ನೋಟ್‌ಬುಕ್ಕಿನಲ್ಲಿ ಅಳೆದು ಬರೆದಿದ್ದ ಚರ್ಚಿನ ನಕ್ಷೆ ತೋರಿಸಿದೆ. ಕೆಲಸ ನಿಂತಿತು, ನೆಲ ಪರೀಕ್ಷಿಸುವವರು ಬಂದರು. ಒಂದಲ್ಲ, ಹಲವು ಪುಟ್ಟ ಗೋರಿಗಳಿದ್ದವು. ರಸ್ತೆಯನ್ನು ಆಚೆಗೆ ತಿರುಗಿಸಿದರು.

ನನ್ನ ಗಂಡ ಬೈಯಲಿಲ್ಲ; ಆ ವಾರವೇ ನನಗೊಂದು ಮೊಬೈಲು ತಂದುಕೊಟ್ಟರು. ಆದರೂ ತುಂಬ ಕಾಲ ನಾನು ಬಚ್ಚಲಮನೆಯ ಚಿಲಕ ಹಾಕಲಿಲ್ಲ. ಸ್ನಾನ ಮಾಡುವಾಗ ಮಗಳನ್ನು ಬಾಗಿಲ ಹೊರಗೆ ಕೂರಿಸಿಕೊಂಡು, ಏನಾದರೂ ಹೇಳುತ್ತಿರು, ನಿಲ್ಲಿಸಬೇಡ ಎನ್ನುತ್ತಿದ್ದೆ. ಅವಳು ಶಾಲೆಯ ಸುದ್ದಿಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.